ಕಲ್ಯಾಣದ ಪುಸ್ತಕಗಳು, ಮಾರ್ಚ್ ತಿಂಗಳ ಬಂಡಲ್

ಪೋಸ್ಟ್ ಉದ್ದ ಅದ. ಪುರಸೊತ್ತು ಮಾಡ್ಕೊಂಡು ಓದ್ರಿ.

ಕವಿಗಳಿಗೆ ವಸಂತ ಅಂದ್ರ ಮಾವಿನ ಚಿಗುರು, ಕೋಗಿಲೆ. ನಮ್ಮ ಬಸವಕಲ್ಯಾಣ, ಹುಮನಾಬಾದ ಕಡಿ ಆ ಹೊತ್ತಿಗೆ ಬಿಸಿಲು ನೆತ್ತಿ ಸುಡ್ತಿರ್ತದ. ಹೊಲದಾಗ ತೊಗರಿ ಕಟ್ಟಿಗಿ ಉಳಿದಿರ್ತದ, ಬೇವು ಹೂ ಬಿಟ್ಟಿರ್ತದ. ನನ್ನಂಥ ಗುಮಾಸ್ತನಿಗೆ ವಸಂತದ್ದು ಇನ್ನೊಂದು ಗುರುತು ಅದ, ಮಾರ್ಚ್ ಎಂಡ್. ಮಾರ್ಚ್ 31ರ ಒಳಗ ಬಿಲ್ಲು ಖಜಾನೆಗೆ ಹೋಗಬೇಕು, ಅನುದಾನ ಖರ್ಚಾಗಬೇಕು, ಇಲ್ಲಂದ್ರ ವಾಪಸ್. ಅದೇ ಅವಸರದಾಗ ನಮ್ಮ ತಾಲೂಕಿನ ಗ್ರಂಥಾಲಯಗಳಿಗೂ ಹೊಸ ಪುಸ್ತಕದ ಬಂಡಲ್ ಬಂದು ಬೀಳ್ತಾವ. ಹೋಳಿ ಮತ್ತು ಯುಗಾದಿ ನಡುವ, ಕೆಲವು ಸಲ ಏಪ್ರಿಲ್ 14ರ ಬಾಬಾಸಾಹೇಬರ ಜಯಂತಿ ಹತ್ತಿರ ಬಂದಾಗ. ಸುತಲಿ ಹಗ್ಗ ಕಟ್ಟಿದ ಬಂಡಲ್ ಬಿಚ್ಚಿದರ ಹೊಸ ಕಾಗದದ ವಾಸನಿ. ನನಗ ಅದೇ ವಸಂತ.

ಆ ವಾಸನಿ ನಮ್ಮ ಜನಕ್ಕ ಸಿಕ್ಕಿದ್ದು ಯಾವಾಗ? ಈ ಪ್ರಶ್ನಿ ಬೇರೆ ಊರಿನವರು ಕೇಳಿದರ ಉತ್ತರ ಸಣ್ಣದು ಇರಬಹುದು. ಕಲ್ಯಾಣದವರು ಕೇಳಿದರ ಒಂಬತ್ತುನೂರು ವರ್ಷ ಹಿಂದಕ್ಕ ಹೋಗಬೇಕಾಗ್ತದ. ಯಾಕಂದ್ರ ಈ ಊರು ಪುಸ್ತಕಕ್ಕ ಬಡವಿ ಅಲ್ಲ. ಒಂದು ಕಾಲಕ್ಕ ಇಡೀ ದೇಶ ತಿರುಗಿ ನೋಡುವಂಥ ಪುಸ್ತಕಗಳನ್ನು ಬರೆದ ಊರು ಇದು.

ಹನ್ನೊಂದನೇ ಶತಮಾನದಾಗ ಚಾಲುಕ್ಯರ ಒಂದನೇ ಸೋಮೇಶ್ವರ ತನ್ನ ರಾಜಧಾನಿಯನ್ನು ಮಳಖೇಡದಿಂದ ಕಲ್ಯಾಣಕ್ಕ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರ ತನಕ, ಐವತ್ತು ವರ್ಷ, ಇಲ್ಲಿಂದ ಆಳಿದ. ಕಾಶ್ಮೀರದಿಂದ ಬಿಲ್ಹಣ ಬಂದು ಅವನ ಮ್ಯಾಲ ವಿಕ್ರಮಾಂಕದೇವಚರಿತ ಬರೆದ. ಮುಂದ ಮಗ ಮೂರನೇ ಸೋಮೇಶ್ವರ ತಾನೇ ಕೂತು ಮಾನಸೋಲ್ಲಾಸ ಬರೆದ. ಅಡುಗಿಯಿಂದ ಹಿಡಿದು ಆನೆ ಹಿಡಿಯೋ ತನಕ ಎಲ್ಲಾ ಅದ ಅದರಾಗ. ಇವೆಲ್ಲಾ ಸಂಸ್ಕೃತದಾಗ. ಓದುವ ಹಕ್ಕು ಯಾರಿಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಆದರ ನಮಗ ಮುಖ್ಯ ಆಗಬೇಕಾದ ಪುಸ್ತಕ ಇವೆರಡೂ ಅಲ್ಲ. ಅದೇ ವಿಕ್ರಮಾದಿತ್ಯನ ಆಸ್ಥಾನದಾಗ ವಿಜ್ಞಾನೇಶ್ವರ ಅನ್ನೋನು ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಹೆಸರು ಮಿತಾಕ್ಷರಾ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಅಂತ ಹೇಳ್ತಾರ. ಪುಸ್ತಕದ ಕೊನಿಗೆ ಕಲ್ಯಾಣ ಪಟ್ಟಣವನ್ನು ಬಾಯಿತುಂಬ ಹೊಗಳ್ಯಾನ. ನಮ್ಮ ಊರಿನ ಭಾಷಣಗಳಲ್ಲಿ ಆ ಹೊಗಳಿಕೆಯನ್ನು ಭಾಳ ಸಲ ಕೇಳೀನಿ. ಆ ಪುಸ್ತಕದ ಒಳಗ ಏನದ ಅಂತ ಹೇಳಿದ ಭಾಷಣ ಒಂದೂ ಕೇಳಿಲ್ಲ.

ಒಳಗ ಏನದ? ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಅಂತ ಮೂರು ಭಾಗ. ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನೋ ಲೆಕ್ಕ ಗಟ್ಟಿ ಆಗಿದ್ದು ಇಲ್ಲಿ. ಇನ್ನೊಂದು ಮಾತು, ಇದು ಮೂಲ ಸ್ಮೃತಿಯಲ್ಲೇ ಇರುವುದು: ಶೂದ್ರ ಗಂಡಸಿಗೆ ಬ್ರಾಹ್ಮಣ ಹೆಂಗಸಿನಲ್ಲಿ ಹುಟ್ಟಿದ ಕೂಸು ಚಂಡಾಲ, ಅದಕ್ಕ ಯಾವ ಧರ್ಮದೊಳಗೂ ಜಾಗ ಇಲ್ಲ. ಮದುವಿಯ ದಿಕ್ಕು ಮ್ಯಾಲಿಂದ ಕೆಳಗಾದರ ಒಂದು ನಿಯಮ, ಕೆಳಗಿಂದ ಮ್ಯಾಲಾದರ ಇನ್ನೊಂದು.

ಈಗ ಕಾಲ ಲೆಕ್ಕ ಹಾಕ್ರಿ. ಈ ಪುಸ್ತಕ ಬರೆದು ಅರ್ಧ ಶತಮಾನದ ಆಸುಪಾಸು, ಇದೇ ಊರಿನ ಓಣಿಯೊಳಗ, ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಶರಣರು ಲಗ್ನ ಮಾಡಿದರು. ಪುಸ್ತಕ ಯಾವ ದಿಕ್ಕಿನ ಮದುವಿಯನ್ನು ಧರ್ಮದ ಹೊರಗಿಟ್ಟಿತ್ತೋ ಸರಿಯಾಗಿ ಅದೇ ದಿಕ್ಕಿನ ಮದುವಿ. ಬಿಜ್ಜಳ ಮಿತಾಕ್ಷರಾ ತೆರೆದು ನೋಡಿ ತೀರ್ಪು ಕೊಟ್ಟ ಅಂತ ನಾನು ಹೇಳ್ತಿಲ್ಲ, ಅದಕ್ಕ ಪುರಾವೆ ಇಲ್ಲ. ಆದರ ಆ ನಿಯಮ ಊರಿನ ಗಾಳಿಯೊಳಗ ಇತ್ತು, ಅರಮನಿಯ ಕಪಾಟಿನೊಳಗ ಬರೆದಿಟ್ಟಿತ್ತು. ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆ ಆಯ್ತು ಅಂತ ಪರಂಪರೆ ಹೇಳ್ತದ. ಬಿಜ್ಜಳನ ಕೊಲೆ ಆಯ್ತು. 1167-68ರ ಆ ಗದ್ದಲದಾಗ ಶರಣರು ದಿಕ್ಕಾಪಾಲಾದರು.

ಹೋಗುವಾಗ ಏನು ಹೊತ್ತುಕೊಂಡು ಹೋದರು? ಬಂಗಾರ ಅಲ್ಲ, ವಚನದ ಕಟ್ಟು. ಚೆನ್ನಬಸವಣ್ಣ, ಅಕ್ಕನಾಗಮ್ಮ ಅವರ ತಂಡ ತಾಡೋಲೆ ಹೊತ್ತುಕೊಂಡು ಉಳವಿ ಕಡೆ ನಡೀತು, ಬೆನ್ನಿಗೆ ಸೈನ್ಯ ಇತ್ತು ಅನ್ನೋದು ನಾವು ಚಿಕ್ಕಂದಿನಿಂದ ಕೇಳಿದ ಕಥಿ. ಸರ್ಕಾರದ ಪುಸ್ತಕ ಊರಲ್ಲಿ ಉಳೀತು, ಜನರ ಪುಸ್ತಕ ಊರು ಬಿಟ್ಟಿತು.

ಆ ಕಟ್ಟಿನೊಳಗ ಯಾರಿದ್ದರು ನೋಡ್ರಿ. ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಅವರ ಪುಣ್ಯಸ್ತ್ರೀ ಕಾಳವ್ವೆ. ತಿನ್ನೋ ಅನ್ನದ ಮ್ಯಾಲ ಕುಲ ಅಳೆಯೋರನ್ನು ಎಂಟುನೂರು ವರ್ಷದ ಹಿಂದ ನಿಲ್ಲಿಸಿ ಕೇಳಿದಾಕಿ ಕಾಳವ್ವೆ. ಇವತ್ತು ಯಾರ ತಾಟಿನೊಳಗ ಏನದ ಅಂತ ಇಣುಕಿ ನೋಡೋರ ಕಾಲದಾಗ ಆಕಿಯ ವಚನ ಎಷ್ಟು ಮಂದಿಗೆ ಗೊತ್ತದ?

ಎರಡೂ ಪುಸ್ತಕದ ಮುಂದಿನ ಹಾದಿ ನೋಡಿದರ ಸಿಟ್ಟು ಬರ್ತದ. ಮಿತಾಕ್ಷರಾದ ದಾಯವಿಭಾಗವನ್ನು 1810ರಲ್ಲಿ ಕೋಲ್‌ಬ್ರೂಕ್ ಅನ್ನೋ ಇಂಗ್ಲಿಷ್ ಸಾಹೇಬ ಅನುವಾದ ಮಾಡಿದ. ಬ್ರಿಟಿಷ್ ಕೋರ್ಟುಗಳು ಬಂಗಾಳದ ಕಡೆ ದಾಯಭಾಗ ಹಿಡಿದರ, ಉಳಿದ ದೇಶದ ಬಹುಪಾಲಿಗೆ ಮಿತಾಕ್ಷರಾವನ್ನೇ ಹಿಂದೂ ಕಾನೂನು ಅಂತ ಹಿಡಿದವು. ಕಲ್ಯಾಣದಾಗ ಕೂತು ಬರೆದದ್ದು ಕೋಟ್ಯಂತರ ಹೆಣ್ಣುಮಕ್ಕಳ ಆಸ್ತಿಯ ಹಣೆಬರಹ ಆಯ್ತು. ವಚನಗಳೋ? ಮಠದ, ಮನೆಗಳ ಗಂಟಿನೊಳಗ ಹುಳ ತಿನ್ಕೋತ ಕುಂತಿದ್ದವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಊರೂರು ತಿರುಗಿ ತಾಡೋಲೆ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಅಚ್ಚಿಗೋಸ್ಕರ ಮನಿ ಮಾರಿದರು. ಒಂದಕ್ಕ ಸಾಮ್ರಾಜ್ಯದ ಕೋರ್ಟು, ಇನ್ನೊಂದಕ್ಕ ಒಬ್ಬ ವಕೀಲನ ಮನಿ ಮಾರಿದ ದುಡ್ಡು.

ಇಲ್ಲೇ ಬಾಬಾಸಾಹೇಬರು ಬರ್ತಾರ. ಹಿಂದೂ ಕೋಡ್ ಬಿಲ್ ಅಂದ್ರ ದಿಲ್ಲಿ ವಿಷಯ, ನಮಗೇನು ಸಂಬಂಧ ಅಂತ ನಮ್ಮ ಹುಡುಗರು ಅಂದ್ಕೋತಾರ. ಬಿಲ್ಲಿನೊಳಗ ಬಾಬಾಸಾಹೇಬರು ಕಿತ್ತುಹಾಕಲು ಹೊರಟಿದ್ದು ಮಿತಾಕ್ಷರಾದ ಆಸ್ತಿ ಪದ್ಧತಿಯನ್ನ. ಹುಟ್ಟಿನಿಂದ ಗಂಡಿಗೆ ಹಕ್ಕು ಅನ್ನೋದನ್ನ ತೆಗೆದು, ಹೆಣ್ಣಿಗೂ ಪಾಲು ಕೊಡೋದು. ಸಂಸತ್ತು ಎಳೆದಾಡಿ ಎಳೆದಾಡಿ ಬಿಲ್ಲು ಬೀಳಿಸಿತು. 1951ರ ಸೆಪ್ಟೆಂಬರಿನಲ್ಲಿ ಅವರು ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಆಮೇಲೆ 1956ರಲ್ಲಿ ಉತ್ತರಾಧಿಕಾರ ಕಾಯ್ದೆ ಬಂತು, ಅದರಾಗೂ ಪಿತ್ರಾರ್ಜಿತದಲ್ಲಿ ಮಿತಾಕ್ಷರಾದ ಬೇರು ಉಳೀತು. ಮಗಳಿಗೆ ಮಗನ ಸಮ ಹಕ್ಕು ಬಂದದ್ದು 2005ರ ತಿದ್ದುಪಡಿಯಿಂದ. ಅದು ಹೇಗೆ ಅನ್ವಯ ಅನ್ನೋ ಜಗಳ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2020ರಲ್ಲಿ. ನಮ್ಮ ಊರಲ್ಲಿ ಬರೆದ ಒಂದು ಪುಸ್ತಕವನ್ನು ಪೂರ್ತಿ ಕೆಳಗಿಳಿಸಲಿಕ್ಕ ಹತ್ತಿರ ಹತ್ತಿರ ಒಂಬತ್ತುನೂರು ವರ್ಷ ಹಿಡೀತು!

ಪುಸ್ತಕ ಓದೋದು ಹವ್ಯಾಸ ಅಂತ ಯಾರಾದರೂ ಅಂದರ ನನಗ ನಗು ಬರೋದು ಇದಕ್ಕ.

ಬಾಬಾಸಾಹೇಬರ ಬದುಕಿನೊಳಗ ಪುಸ್ತಕದ ಜಾಗ ನಿಮಗೆಲ್ಲಾ ಗೊತ್ತಿದ್ದದ್ದೇ. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೇಳೂಸ್ಕರ್ ಗುರುಗಳು ತಾವೇ ಬರೆದ ಬುದ್ಧನ ಚರಿತ್ರೆ ಕೈಗಿಟ್ಟರು. ಆ ಒಂದು ಪುಸ್ತಕ ಎಲ್ಲಿಗೆ ಹೋಗಿ ಮುಟ್ಟಿತು ಅಂತ 1956ರ ನಾಗಪುರಕ್ಕ ಕೇಳ್ರಿ. 1917ರಲ್ಲಿ ವಿಲಾಯತಿಯಿಂದ ವಾಪಸ್ ಬರುವಾಗ ಅವರು ಕೂಡಿಸಿದ್ದ ಪುಸ್ತಕಗಳು ಬೇರೆ ಹಡಗಿನಲ್ಲಿ ಇದ್ದವು, ಯುದ್ಧದಾಗ ಆ ಹಡಗನ್ನು ಜರ್ಮನರು ಮುಳುಗಿಸಿದರು. ಮುಂದ ದಾದರಿನಲ್ಲಿ ರಾಜಗೃಹ ಕಟ್ಟಿದ್ದು ಪುಸ್ತಕಕ್ಕ ಮನಿ ಅಂತ. ಬಂಗಲೆ ಕಟ್ಟೋರು ಭಾಳ ಮಂದಿ. ಪುಸ್ತಕಕ್ಕ ಕೋಣೆ ಅಳತಿ ಮಾಡಿ ಕಟ್ಟಿದೋರು ಎಷ್ಟು ಮಂದಿ?

ಅವರು ಹುಟ್ಟಿದ 1891ರಲ್ಲೇ ನಮ್ಮ ರಾಜಧಾನಿ ಹೈದರಾಬಾದಿನಲ್ಲಿ ನಿಜಾಮರ ಆಸಫಿಯಾ ಕುತುಬ್‌ಖಾನಾ ಶುರು ಆಯ್ತು. ನಮ್ಮ ರಾಜಧಾನಿ ಅಂತ ಬೇಕಂತಲೇ ಬರೆದೀನಿ, 1948ರ ಸೆಪ್ಟೆಂಬರ್ 17ರ ತನಕ ನಾವು ಅವರ ಪ್ರಜೆಗಳು. ಭಾರಿ ಕುತುಬ್‌ಖಾನಾ. ಅರಬಿ, ಫಾರ್ಸಿ, ಉರ್ದು ಹಸ್ತಪ್ರತಿಗಳ ಖಜಾನೆ. ಅದಕ್ಕೂ ಮೊದಲು, 1472ರ ಹೊತ್ತಿಗೆ, ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿದ ಮದರಸಾದಾಗ ಮೂರು ಸಾವಿರ ಹಸ್ತಪ್ರತಿ ಇದ್ದವು ಅಂತ ಹೇಳ್ತಾರ. ಅದರ ಮಿನಾರು ಇವತ್ತೂ ನಿಂತದ. ಇವೆಲ್ಲಾ ನಮ್ಮ ನೆಲದ ಹೆಮ್ಮಿನೇ, ಅದರ ಬಗ್ಗೆ ತಕರಾರಿಲ್ಲ. ಆದರ ಹೊಲಗೇರಿ, ಮಾದಿಗರ ಕೇರಿಯಿಂದ ಆ ಬಾಗಿಲಿನ ತನಕ ರಸ್ತೆ ಇರಲಿಲ್ಲ.

ನಮ್ಮ ಹಿರಿಯರ ಪರಿಸ್ಥಿತಿ ಇನ್ನೂ ಮಜಾ. ಮನ್ಯಾಗ ಕನ್ನಡ, ಕಚೇರಿಯೊಳಗ ಉರ್ದು, ಬಾಬಾಸಾಹೇಬರು ಬಂದದ್ದು ಮರಾಠಿಯೊಳಗ. ಸೋಲಾಪುರ ಹತ್ತಿರ, ಉದಗೀರ ನಿಲಂಗಾ ನಮ್ಮದೇ ಬೀದರ ಜಿಲ್ಲೆ. 1950ರಲ್ಲಿ ಬಾಬಾಸಾಹೇಬರ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಾಲೇಜು ತೆಗೆದದ್ದು ಔರಂಗಾಬಾದಿನಲ್ಲಿ, ಅದೂ ಆಗ ಹೈದರಾಬಾದ್ ರಾಜ್ಯ. ಮುಂದ ಮಿಲಿಂದ ಅಂತ ಹೆಸರಾದ ಕಾಲೇಜು ಅದು. ನಮ್ಮ ಓಣಿಯ ಹಿರಿಯರೊಬ್ಬರು ಮರಾಠಿ ಅಕ್ಷರ ಕಲಿತದ್ದೇ ಭೀಮಗೀತೆಯ ಪುಸ್ತಿಕೆ ಓದಲಿಕ್ಕ. ವಾಮನದಾದಾ ಕರ್ಡಕರ ಹಾಡು ಬಾಯಿಪಾಠ, ಕನ್ನಡ ಪತ್ರಿಕೆ ಓದಲಿಕ್ಕ ಬರ್ತಿರಲಿಲ್ಲ. 1956ರ ನವೆಂಬರ್ 1ಕ್ಕ ಜಿಲ್ಲೆ ಮೂರು ಪಾಲಾಯ್ತು. ಉದಗೀರ, ಅಹಮದಪುರ, ನಿಲಂಗಾ ಮುಂಬೈ ಕಡೆ, ಜಹೀರಾಬಾದ, ನಾರಾಯಣಖೇಡ ಆಂಧ್ರದ ಕಡೆ, ನಾವು ಮೈಸೂರು ಕಡೆ. ಕಲ್ಯಾಣಿ ಅನ್ನೋ ಜಹಗೀರಿನ ಊರು ಬಸವಕಲ್ಯಾಣ ಆಯ್ತು. ಬಾಬಾಸಾಹೇಬರ ಭಾಷೆ ಗಡಿಯ ಆ ಕಡೆ ಉಳೀತು, ನಮ್ಮ ಮಕ್ಕಳ ಸಾಲಿ ಈ ಕಡೆ.

ಕನ್ನಡದಾಗ ಬಾಬಾಸಾಹೇಬರು ನಮಗ ಸಿಗಲಿಕ್ಕ ಭಾಳ ವರ್ಷ ಹಿಡೀತು. ಮಹಾರಾಷ್ಟ್ರ ಸರ್ಕಾರವೇ ಬರಹ-ಭಾಷಣಗಳ ಮೊದಲ ಸಂಪುಟ ತಂದದ್ದು 1979ರಲ್ಲಿ, ಅದೂ ಇಂಗ್ಲಿಷಿನೊಳಗ. ಕನ್ನಡ ಸಂಪುಟಗಳು ಆಮೇಲಿನ ಮಾತು.

ಈಗ ಗ್ರಂಥಾಲಯಕ್ಕ ಬರ್ತೀನಿ.

1965ರಲ್ಲಿ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಅದರ ಹಿಂದ ಎಸ್.ಆರ್. ರಂಗನಾಥನ್ ಅವರ ಶ್ರಮ ಅದ. 1931ರಲ್ಲೇ ಅವರು ಗ್ರಂಥಾಲಯಕ್ಕ ಐದು ಸೂತ್ರ ಬರೆದಿದ್ದರು. ಸಾರ ಇಷ್ಟು: ಪುಸ್ತಕ ಇರೋದು ಬಳಸಲಿಕ್ಕ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಸ್ಮೃತಿ ಹೇಳಿದ್ದಕ್ಕ ಪೂರ್ತಿ ಉಲ್ಟಾ ನೋಡ್ರಿ. ಯಾರು ಓದಬಾರದು ಅನ್ನೋದರಿಂದ ಶುರು ಆಗೋದು ಅದು, ಯಾರೂ ಬಿಟ್ಟುಹೋಗಬಾರದು ಅನ್ನೋದರಿಂದ ಶುರು ಆಗೋದು ಇದು. ರಂಗನಾಥನ್ ನಮ್ಮ ಚಳವಳಿಯವರಲ್ಲ. ಆದರೂ ಈ ಸೂತ್ರಕ್ಕ ನಾನು ಜೈಭೀಮ್ ಅಂತೀನಿ.

ಈ ಕಾಯ್ದೆಯೊಳಗ ನಮ್ಮವರು ಗಮನಿಸದ ಒಂದು ಸಂಗತಿ ಅದ, ಗ್ರಂಥಾಲಯ ಕರ. ಮನಿ, ಅಂಗಡಿಗೆ ಆಸ್ತಿ ತೆರಿಗೆ ಕಟ್ತೀರಲ್ಲ, ಆ ರಸೀದಿ ತೆಗೆದು ನೋಡ್ರಿ. ತೆರಿಗೆಯ ಮ್ಯಾಲ ಶೇಕಡಾ 6ರಷ್ಟು ಗ್ರಂಥಾಲಯದ ಹೆಸರಿನೊಳಗ ಹಿಡೀತಾರ. ಆಶ್ರಯ ಮನಿಯ ಎರಡು ಕೋಣೆಗೆ ತೆರಿಗೆ ಕಟ್ಟೋ ನಮ್ಮ ಅವ್ವಂದಿರೂ ಅದನ್ನ ಕಟ್ಟ್ಯಾರ. ಬಂಡಲಿನೊಳಗ ಬರೋ ಪುಸ್ತಕ ಯಾರೋ ದಾನ ಕೊಟ್ಟದ್ದಲ್ಲ ಅಂತ ನಾನು ಮತ್ತ ಮತ್ತ ಹೇಳೋದು ಈ ರಸೀದಿ ಕೈಯಾಗ ಹಿಡ್ಕೊಂಡು.

ಕಾಯ್ದೆ ಬಂದ ಕೂಡ್ಲೆ ಬಾಗಿಲು ತೆಗೀತು ಅಂತಲ್ಲ. ನಾನು ಹುಟ್ಟಿ ಬೆಳೆದ ಹಳ್ಳಿಯೊಳಗ, ಹೆಸರು ಬ್ಯಾಡ, ಎಂಬತ್ತರ ದಶಕದ ಕೊನಿಗೆ ಪೇಪರ್ ಬರ್ತಿದ್ದದ್ದು ಗುಡಿ ಕಟ್ಟಿ ಮ್ಯಾಲ. ಸಾರ್ವಜನಿಕ ವಾಚನಾಲಯ ಅಂತ ತಗಡಿನ ಬೋರ್ಡು. ಕಟ್ಟಿ ನಮಗ ಹತ್ತೋ ಹಂಗ ಇರಲಿಲ್ಲ. ಕೆಳಗ ನಿಂತು, ಮ್ಯಾಲ ಕೂತೋರು ಹಿಡಿದ ಪೇಪರಿನ ಹಿಂದಿನ ಪುಟ ಓದ್ತಿದ್ವಿ. ಕ್ರಿಕೆಟ್ ಸುದ್ದಿ ನನಗ ಮೊದಲು ಗೊತ್ತಾಗ್ತಿತ್ತು, ರಾಜಕೀಯ ಸಂಜಿಗೆ. ಯಾರೂ ಬ್ಯಾಡ ಅಂತ ಬಾಯಿ ಬಿಟ್ಟು ಹೇಳಿದ್ದಿಲ್ಲ, ಹೇಳೋ ಅಗತ್ಯ ಇರಲಿಲ್ಲ.

ಬಾಗಿಲು ತೆಗೆದ ಮ್ಯಾಲ ಒಳಗಿನ ಕಪಾಟಿನ ಪ್ರಶ್ನಿ ಬರ್ತದ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ರಾಜ್ಯ ಹೊತ್ತಿ ಉರೀತು, ನಮ್ಮ ಹಾಸ್ಟೆಲ್ ಹುಡುಗರಿಗೆ ಏಟು ಬಿದ್ದವು, ಅವರ ಮಂತ್ರಿ ಪದವಿ ಹೋಯ್ತು. ಸಿಟ್ಟಿಗೆದ್ದೋರು ಒಂದು ಕೆಲಸ ಮಾಡಬೇಕಿತ್ತು. ಅವತ್ತಿನ ಯಾವುದಾದರೂ ಗ್ರಂಥಾಲಯಕ್ಕ ಹೋಗಿ, ಕೇರಿಯ ಮನುಷ್ಯ ತನ್ನ ಬಾಯಿಯಿಂದ ಮಾತಾಡಿದ ಪುಸ್ತಕ ಎಷ್ಟದಾವ ಅಂತ ಎಣಿಸಬೇಕಿತ್ತು. ಅದೇ ವರ್ಷ ದೇವನೂರ ಮಹಾದೇವರ ದ್ಯಾವನೂರು, 1975ಕ್ಕ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು, ಪಂಚಮ ಪತ್ರಿಕೆ. 1994ಕ್ಕ ಅರವಿಂದ ಮಾಲಗತ್ತಿಯವರ ಗೌರ್ಮೆಂಟ್ ಬ್ರಾಹ್ಮಣ. ನಮ್ಮ ಕಪಾಟು ತುಂಬಿದ್ದು ಹಿಂಗ, ಒಂದೊಂದೇ ತೆಳ್ಳನೆ ಪುಸ್ತಕದಿಂದ.

ವಚನಗಳೂ ಅದೇ ಕಾಲಕ್ಕ ಕಲ್ಯಾಣಕ್ಕ ವಾಪಸ್ ಬಂದವು. ಸೋಲಾಪುರದ ಜಯದೇವಿತಾಯಿ ಲಿಗಾಡೆ ಬಸವಕಲ್ಯಾಣಕ್ಕ ಬಂದು ನೆಲೆಸಿದರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕ ಮೊದಲ ಮಹಿಳಾ ಅಧ್ಯಕ್ಷೆ ಆದರು. 1993ರಲ್ಲಿ ಸರ್ಕಾರ ಸಮಗ್ರ ವಚನ ಸಂಪುಟ ಅಂತ 15 ಸಂಪುಟ ಅಗ್ಗದ ಬೆಲಿಗೆ ತಂದಿತು. ಐದನೆಯದು ಶರಣೆಯರದ್ದು, ಕಾಳವ್ವೆ ಇರೋದು ಅದರಾಗ. ನಾನು ಬಿ.ಎ. ಓದುವಾಗ ಒಂದು ಗ್ರಂಥಾಲಯದಾಗ ಆ ಸಾಲು ನೋಡಿದ್ದೆ. ಗಾಜಿನ ಕಪಾಟು, ಬೀಗ, ಪರಾಮರ್ಶನಕ್ಕ ಮಾತ್ರ ಅಂತ ಚೀಟಿ. ಬೀಗದ ಕೈ ಇರೋರು ರಜಾ ಮ್ಯಾಲ. ಉಳವಿಗೆ ಹೋಗಿ ಬಂದ ವಚನಕ್ಕ ಗಾಜು ದಾಟಲಿಕ್ಕ ಆಗಲಿಲ್ಲ.

ಈಗ ಸುಧಾರಣೆ ಆಗ್ಯಾದ, ಅದನ್ನೂ ಹೇಳಬೇಕು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ರಾಜ್ಯದಾಗ 5,600ಕ್ಕೂ ಹೆಚ್ಚು. 2020ರ ನವೆಂಬರಿನಲ್ಲಿ ಓದುವ ಬೆಳಕು ಅಂತ ಶುರು ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವಕ್ಕ ಅರಿವು ಕೇಂದ್ರ ಅಂತ ಹೆಸರು. ನಾನು ನೋಡಿದ ಕೆಲವು ಕಡೆ ಖರೇನೇ ಚಂದ ಆಗ್ಯಾವ. ಕೇರಿಯ ಹುಡುಗ್ಯಾರು ಮಧ್ಯಾಹ್ನ ಫ್ಯಾನಿನ ಕೆಳಗ ಕೂತು ಓದೋದು ನೋಡಿದರ ಹೊಟ್ಟಿ ತಂಪಾಗ್ತದ. ಮನ್ಯಾಗ ಪತ್ರಾಸಿನ ಸೆಕೆ, ಇಲ್ಲಿ ಕುರ್ಚಿ, ನೀರು, ಪುಸ್ತಕ.

ಆದರ ಅವರು ಓದೋದು ಏನು ಅಂತ ಬಗ್ಗಿ ನೋಡ್ರಿ. ಈ ವರ್ಷ ಒಂದು ಕಡೆ ಬಂಡಲ್ ಬಿಚ್ಚುವಾಗ ನಾನೂ ಇದ್ದೆ. ಅರ್ಧಕ್ಕಿಂತ ಹೆಚ್ಚು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಅದು ತಪ್ಪಲ್ಲ, ಎಫ್‌ಡಿಎ ಪರೀಕ್ಷೆ ಬರೆದೇ ನಾನೂ ಟೇಬಲ್ ಹಿಡಿದವನು. ಉಳಿದದ್ದರಾಗ ದೇವರ ಮಹಿಮೆ, ವ್ಯಕ್ತಿತ್ವ ವಿಕಸನ, ಯಾರದೋ ಅಭಿನಂದನಾ ಗ್ರಂಥ, ಒಂದೇ ಪ್ರಕಾಶನದ ಒಂದೇ ಸೈಜಿನ ಜೀವನ ಚರಿತ್ರೆಗಳು. ಅದರಾಗ ಬಾಬಾಸಾಹೇಬರದ್ದೂ ಒಂದು, ನೀಲಿ ಕೋಟು, ಹಿಂದ ಸಂಸತ್ತು. ಸಂವಿಧಾನ ಬರೆದರು ಅಂತ ಅದ, ರಾಜೀನಾಮೆ ಕೊಟ್ಟರು ಅಂತ ಅದರಾಗ ಇಲ್ಲ. ರಾಜೀನಾಮೆ ಇಲ್ಲದ ಬಾಬಾಸಾಹೇಬರನ್ನು ಯಾರಿಗೂ ಕೊಡಬಹುದು, ಯಾರಿಗೂ ತ್ರಾಸಿಲ್ಲ.

ನಮ್ಮ ಊರಲ್ಲಿ 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕ ಅಡಿಗಲ್ಲು ಬಿತ್ತು, 500 ಕೋಟಿಯ ಯೋಜನೆ, 770 ಅಮರಗಣಂಗಳ ಹೆಸರಿಗೆ 770 ಕಂಬ. ಆಗಲಿ, ಊರಿಗೆ ಹೆಸರು ಬರ್ತದ. ಆದರ ಹಳೆಯ ಅನುಭವ ಮಂಟಪ ನೆನಪಿರೋದು ಕಂಬಕ್ಕಲ್ಲ. ಅಲ್ಲಿ ಕೂತು ಆಡಿದ ಮಾತಿಗೆ. ಅದನ್ನ ಬರೆದಿಟ್ಟು, ಬೆನ್ನ ಮ್ಯಾಲ ಹೊತ್ತು, ಉಳಿಸಿದ್ದಕ್ಕ.

ಈಗ ಕೆಲಸದ ಮಾತು. ಗುಮಾಸ್ತನಾಗಿ ಹೇಳ್ತೀನಿ, ಸರ್ಕಾರದೊಳಗ ಬಾಯಿಮಾತಿಗೆ ಬೆಲೆ ಇಲ್ಲ, ಕಾಗದಕ್ಕ ಅದ. ನೀವು ಹೋಗೋ ಗ್ರಂಥಾಲಯದಾಗ ಓದುಗರ ಬೇಡಿಕೆ ಬರೆಯೋ ಪುಸ್ತಕ ಅದ ಏನು ಕೇಳ್ರಿ. ಇಲ್ಲಂದ್ರ ನೂರು ಪುಟದ ನೋಟ್‌ಬುಕ್ ನೀವೇ ಒಯ್ದು ಕೊಡ್ರಿ. ಜಯಂತಿಗೆ ಬ್ಯಾನರ್ ಹಾಕೋ ಖರ್ಚಿನೊಳಗ ಇದು ಚಹಾದ ದುಡ್ಡು. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ನಿಮ್ಮ ಸಹಿ, ತಾರೀಖು. ಮುಂದಿನ ಮಾರ್ಚ್ ಎಂಡಿಗೆ ಪಟ್ಟಿ ಮಾಡುವಾಗ ಮ್ಯಾಲಿನವರು ಕೇಳೋದು ಒಂದೇ ಮಾತು, ಬೇಡಿಕೆ ಎಲ್ಲಿ ಅದ? ಇಷ್ಟು ದಿನ ಆ ಜಾಗ ಖಾಲಿ ಇತ್ತು, ಅದಕ್ಕ ಅಭಿನಂದನಾ ಗ್ರಂಥ ಬಂದು ಕುಂತವು. ಮತ್ತ ಬೀಗ ಹಾಕಿದ ಕಪಾಟು ಕಂಡರ ಬೀಗ ತೆಗೆಸಿ ಓದ್ರಿ, ಓದದೆ ಬರಬ್ಯಾಡ್ರಿ.

ಹೋದ ವಾರ ನಾನು ಮೂರು ಹೆಸರು ಬರೆದು ಬಂದೆ. ಶರಣೆಯರ ವಚನ ಸಂಪುಟ, ಮನಿಗೆ ಒಯ್ಯೋ ಪ್ರತಿ. ಹಿಂದೂ ಕೋಡ್ ಬಿಲ್ ಮ್ಯಾಲ ಬಾಬಾಸಾಹೇಬರ ಭಾಷಣಗಳ ಕನ್ನಡ ಸಂಪುಟ. 1968ರಲ್ಲಿ ಕಲಬುರಗಿಯೊಳಗ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರ್ ಅವರ ಬಗ್ಗೆ ಕನ್ನಡದಾಗ ಏನಿದ್ದರ ಅದು. ಗ್ರಂಥಾಲಯ ನೋಡ್ಕೊಳ್ಳೋ ತಮ್ಮ ಓದಿ ನೋಡಿ, ‘ಅಣ್ಣಾ, ಒಬ್ಬರ ಸಹಿ ಇದ್ದರ ನಡೆಯಂಗಿಲ್ಲ, ಪುಟ ತುಂಬಲಿ, ಕಳಸ್ತೀನಿ’ ಅಂದ. ಪುಟದಾಗ ಇನ್ನೂ ಹನ್ನೆರಡು ಗೆರಿ ಖಾಲಿ ಅದಾವ.

ಜೈಭೀಮ್.